ಕೆಂಪು ಕಾಣದ ನೆಗೆಟಿವ್

ಕೃಷ್ಣಗಿರಿ ಜಿಲ್ಲೆಯ ರಾಯಕೋಟೆ ಬೆಟ್ಟದಲ್ಲಿ ಸೂರ್ಯೋದಯದ ಫೋಟೊ ತೆಗೆದು ಬಂದಿದ್ದೆ. ಚೆನ್ನೈಯ ಕೋಣೆಯಲ್ಲಿ ಕೂತು ಮೊಬೈಲಿನಲ್ಲೇ ಅದಕ್ಕೆ ಇನ್ನಷ್ಟು ಕೆಂಪು ಸೇರಿಸುತ್ತಿದ್ದಾಗ ಲಿನಿಯಸ್ ಟ್ರೈಪ್ ನೆನಪಾದ.

1854ರಲ್ಲಿ ಹಳೇಬೀಡು, ಬೇಲೂರುಗಳ ಫೋಟೊ ತೆಗೆದಿದ್ದ ಈ ಸೈನ್ಯಾಧಿಕಾರಿಯನ್ನು 1856ರಲ್ಲಿ ಮದ್ರಾಸ್ ಸರ್ಕಾರ ತನ್ನ ಛಾಯಾಗ್ರಾಹಕನಾಗಿ ನೇಮಿಸಿತು. ಅವನ ರಾಯಕೋಟೆಯ ಚಿತ್ರಸಂಪುಟ ಬಂದದ್ದು 1858ರಲ್ಲಿ.

ಅಂದಿನ ನೆಗೆಟಿವ್ ಮುಂಜಾವಿನ ಕೆಂಪಿಗೆ ಕುರುಡು. ನೀಲಿ ಬೆಳಕಿಗೋ ವಿಪರೀತ ಸೂಕ್ಷ್ಮ. ಹಾಗಾಗಿ ಆಕಾಶವೆಲ್ಲ ಬರೀ ಬಿಳಿ. ಟ್ರೈಪ್ ತನ್ನ ಎಷ್ಟೋ ನೆಗೆಟಿವ್‌ಗಳ ಮೇಲೆ ಬಣ್ಣದಿಂದ ಮೋಡ ತೀಡಿದ.

ಅವನ ಕ್ಯಾಮೆರಾಕ್ಕೆ ಮೋಡ ದಕ್ಕಿರಲಿಲ್ಲ. ನನ್ನದಕ್ಕೆ ಕೆಂಪು ದಕ್ಕಿತ್ತು, ಸಾಲದೆನ್ನಿಸಿದ್ದು ನನಗೆ. ಸೇರಿಸಿದ್ದನ್ನು ಅಳಿಸಿದೆ. ಊರಲ್ಲಿರುವ ಅಮ್ಮನಿಗೆ ಆ ಮಂಕು ಬೆಳಗನ್ನೇ ಕಳಿಸಿದೆ.