ಲೆ ಝೂಶ್: ಕಪ್ಪುಕುಳಿಗಳ ವಾದ ನಡೆದ ಬೇಸಿಗೆ ಶಾಲೆ

ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ, ಶಮೋನಿ ಕಣಿವೆಯ ಹತ್ತಿರ, ಮೋಂ ಬ್ಲಾಂ ಶಿಖರದ ಎದುರಿಗೆ ಲೆ ಝೂಶ್ ಭೌತವಿಜ್ಞಾನ ಶಾಲೆಯಿದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಇಲ್ಲಿ ಪದವಿ ಕೊಡುವುದಿಲ್ಲ. ಪಿಎಚ್.ಡಿ. ಮಾಡುತ್ತಿರುವವರು, ಆಗಷ್ಟೇ ಮುಗಿಸಿದವರು ಬಂದು ವಾರಗಟ್ಟಲೆ ಉಳಿದು, ಆ ವರ್ಷದ ವಿಷಯವೊಂದನ್ನು ಆಳವಾಗಿ ಕಲಿತು ಹೋಗುತ್ತಾರೆ. ಕ್ವಾಂಟಂ ಗುರುತ್ವ ಮತ್ತು ವಿಶ್ವವಿಜ್ಞಾನ ಇಲ್ಲಿಗೆ ಮತ್ತೆ ಮತ್ತೆ ಬಂದ ವಿಷಯಗಳು.

ಸ್ಥಾಪಕಿ

ಶಾಲೆ ಆರಂಭವಾದದ್ದು 1951ರಲ್ಲಿ. ಕಟ್ಟಿದವರು ಸೆಸಿಲ್ ಮೊರೆಟ್. ಆಗ ಅವರಿಗೆ 28 ವರ್ಷ. 1944ರ ಜೂನ್‌ನಲ್ಲಿ ಮಿತ್ರಪಡೆಗಳು ಕಾಂ ನಗರದ ಮೇಲೆ ಬಾಂಬ್ ಹಾಕಿದಾಗ ತಾಯಿ, ತಂಗಿ, ಅಜ್ಜಿಯರನ್ನು ಕಳೆದುಕೊಂಡಿದ್ದ ಈಕೆ ಮುಂದೆ ಡಬ್ಲಿನ್, ಕೋಪನ್‌ಹೇಗನ್, ಪ್ರಿನ್ಸ್‌ಟನ್‌ಗಳಲ್ಲಿ ಕೆಲಸ ಮಾಡಿದರು. ಯುದ್ಧಾನಂತರದ ಫ್ರಾನ್ಸಿನಲ್ಲಿ ಹೊಸ ಕ್ವಾಂಟಂ ಸಿದ್ಧಾಂತ ಹೇಳಿಕೊಡುವವರು ತೀರಾ ವಿರಳ. ಅಮೆರಿಕದ ಭೌತವಿಜ್ಞಾನಿ ಬ್ರೈಸ್ ಡಿವಿಟ್ ಮದುವೆಯ ಮಾತೆತ್ತಿದಾಗ, ದೇಶ ಬಿಟ್ಟು ಹೋಗುವುದಾದರೆ ದೇಶಕ್ಕೆ ಏನಾದರೂ ಕೊಟ್ಟೇ ಹೋಗಬೇಕೆಂದು ಸೆಸಿಲ್ ತಮಗೆ ತಾವೇ ಷರತ್ತು ಹಾಕಿಕೊಂಡರಂತೆ. ಹಾಗೆ ಕೊಟ್ಟದ್ದು ಈ ಶಾಲೆ. ಮೊದಲ ಬೇಸಿಗೆಯ ಪಾಠ ಎಂಟು ವಾರ ನಡೆಯಿತು. ಆರಂಭದ ವರ್ಷಗಳ ವಿದ್ಯಾರ್ಥಿಗಳಲ್ಲಿ ಪಿಯೆರ್-ಜಿಲ್ ದ ಜೆನ್ ಮತ್ತು ಕ್ಲೋದ್ ಕೊಹೆನ್-ತನೂಜಿ ಇದ್ದರು. ಇಬ್ಬರೂ ಮುಂದೆ ನೊಬೆಲ್ ಪಡೆದರು.

ಪಾಠಕ್ಕೆ ವಿಷಯವೇನು?

ಐನ್‌ಸ್ಟೈನರ ಸಾಪೇಕ್ಷತೆಯಲ್ಲಿ ಗುರುತ್ವವೆಂದರೆ ದೇಶಕಾಲದ ಬಾಗು. ಕ್ವಾಂಟಂ ಸಿದ್ಧಾಂತಕ್ಕೆ ಎಲ್ಲ ಕ್ಷೇತ್ರಗಳೂ ಅನಿಶ್ಚಿತತೆಗೆ ಒಳಪಟ್ಟವು. ಹಾಗಿದ್ದರೆ ದೇಶಕಾಲವೂ ತುಯ್ದಾಡಬೇಕಲ್ಲ? ಆ ತುಯ್ದಾಟ ಎದ್ದು ಕಾಣುವುದು ಸುಮಾರು 1.6 × 10⁻³⁵ ಮೀಟರಿನ ಪ್ಲಾಂಕ್ ಅಳತೆಯಲ್ಲಿ. ಯಾವ ವೇಗವರ್ಧಕವೂ ಅದರ ಹತ್ತಿರ ಸುಳಿದಿಲ್ಲ. ಆದ್ದರಿಂದ ಕ್ವಾಂಟಂ ಗುರುತ್ವದ ವಿದ್ಯೆಗೆ ಆಸರೆಯಾಗಿ ಉಳಿದಿರುವುದು ಕಪ್ಪುಕುಳಿಗಳು ಮತ್ತು ವಿಶ್ವದ ಮೊದಲ ಕ್ಷಣಗಳು. 1963ರಲ್ಲಿ ಲೆ ಝೂಶ್‌ನಲ್ಲಿ ಇದೇ ನಂಟಿನ ಪಾಠಗಳು ನಡೆದವು. ವೀಲರ್, ಪೆನ್‌ರೋಸ್, ಬ್ರೈಸ್ ಡಿವಿಟ್ ಉಪನ್ಯಾಸ ಕೊಟ್ಟರು. ನಾಲ್ಕು ವರ್ಷಗಳ ಬಳಿಕ ಡಿವಿಟ್ ಪ್ರಕಟಿಸಿದ ಸಮೀಕರಣ ಇಡೀ ವಿಶ್ವವನ್ನೇ ಒಂದು ಕ್ವಾಂಟಂ ಸ್ಥಿತಿಯೆಂದು ಬರೆಯುತ್ತದೆ. ಅದರಲ್ಲಿ ಕಾಲವನ್ನು ಸೂಚಿಸುವ ಚರಾಂಶವೇ ಇಲ್ಲ! ಈ ಸಮೀಕರಣದಿಂದ ಕಾಲವನ್ನು ಹೇಗೆ ಹೊರತೆಗೆಯುವುದು ಎಂಬ ಜಗಳ ಈಗಲೂ ಮುಗಿದಿಲ್ಲ.

1972ರ ಬೇಸಿಗೆ

ಆ ವರ್ಷದ ವಿಷಯ ಕಪ್ಪುಕುಳಿ. ಅದಾಗಲೇ, 1970ರಲ್ಲಿ, ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಅವರು ತಿರುಗದ ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಕುಸಿಯದೆ, ಕಂಪಿಸಿ ಶಾಂತವಾಗುತ್ತದೆಂದು ಲೆಕ್ಕದಿಂದ ತೋರಿಸಿದ್ದರು. ಕಪ್ಪುಕುಳಿ ನೆಚ್ಚಬಹುದಾದ ವಸ್ತು ಎನ್ನುವ ಧೈರ್ಯ ಬಂದಿತ್ತು. ಲೆ ಝೂಶ್‌ನಲ್ಲಿ ಸೇರಿದ್ದ ಬಾರ್ಡೀನ್, ಕಾರ್ಟರ್, ಹಾಕಿಂಗ್ ಮೂವರೂ ಕೂತು ಕಪ್ಪುಕುಳಿಗಳಿಗೆ ನಾಲ್ಕು ನಿಯಮಗಳನ್ನು ಬರೆದರು. ಅವು ಉಷ್ಣಗತಿವಿಜ್ಞಾನದ ನಿಯಮಗಳನ್ನೇ ಹೋಲುತ್ತಿದ್ದವು: ಮೇಲ್ಮೈ ಗುರುತ್ವ ಉಷ್ಣತೆಯ ಜಾಗದಲ್ಲಿ, ಕಪ್ಪುಕುಳಿಯ ಗಡಿಯಾದ ಕ್ಷಿತಿಜದ ವಿಸ್ತೀರ್ಣ ಎಂಟ್ರೊಪಿಯ ಜಾಗದಲ್ಲಿ.

ಇದು ಬರೀ ಹೋಲಿಕೆ ಎಂದರು ಆ ಮೂವರು. ಅಲ್ಲಿಯೇ ವಿದ್ಯಾರ್ಥಿಯಾಗಿದ್ದ, ವೀಲರ್ ಅವರ ಶಿಷ್ಯ ಜೇಕಬ್ ಬೆಕೆನ್‌ಸ್ಟೈನ್ ಒಪ್ಪಲಿಲ್ಲ. ವಿಸ್ತೀರ್ಣವೇ ನಿಜವಾದ ಎಂಟ್ರೊಪಿ ಎನ್ನುವುದು ಅವರ ಪಟ್ಟು. ದೊಡ್ಡವರ ಆಕ್ಷೇಪವೂ ಹುರುಳಿಲ್ಲದ್ದಲ್ಲ: ಎಂಟ್ರೊಪಿ ಇದ್ದರೆ ಉಷ್ಣತೆ ಇರಬೇಕು, ಉಷ್ಣತೆ ಇದ್ದರೆ ವಿಕಿರಣ ಹೊಮ್ಮಬೇಕು, ಕಪ್ಪುಕುಳಿಯಿಂದಲೋ ಏನೂ ಹೊರಬರದು. 1974ರಲ್ಲಿ ಕ್ವಾಂಟಂ ಪರಿಣಾಮಗಳನ್ನು ಸೇರಿಸಿ ಲೆಕ್ಕಹಾಕಿದ ಹಾಕಿಂಗ್, ವಿಕಿರಣ ಹೊಮ್ಮುತ್ತದೆಂದು ತಾವೇ ಸಾಧಿಸಿದರು. ಸೂರ್ಯನಷ್ಟು ರಾಶಿಯ ಕಪ್ಪುಕುಳಿಗೆ ಆ ಉಷ್ಣತೆ ಒಂದು ಕೆಲ್ವಿನ್ನಿನ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ. ಅಳೆಯುವ ಮಾತೇ ಇಲ್ಲ, ಆದರೆ ಸೊನ್ನೆಯಲ್ಲ. ಶಿಷ್ಯನ ಪಟ್ಟು ಗೆದ್ದಿತು. ಪಠ್ಯಪುಸ್ತಕಕ್ಕೆ ಇನ್ನೂ ಬರದ ವಿಷಯವನ್ನು ಕಲಿಸುವ ಶಾಲೆಯಲ್ಲಿ ಮಾತ್ರ ಇಂಥ ಎದುರುಮಾತಿಗೆ ಜಾಗವಿರುತ್ತದೆ.

ಆಮೇಲೆ

1983ರ ಅಧಿವೇಶನದಲ್ಲಿ ಹಾಕಿಂಗ್ ಕ್ವಾಂಟಂ ವಿಶ್ವವಿಜ್ಞಾನದ ಪಾಠ ಮಾಡಿದರು. ಪ್ಲಾಂಕ್ ಉಪಗ್ರಹದ ಮೊದಲ ವಿಶ್ವವಿಜ್ಞಾನ ಫಲಿತಾಂಶಗಳು 2013ರ ಮಾರ್ಚ್‌ನಲ್ಲಿ ಹೊರಬಂದವು. ಅದೇ ವರ್ಷದ ಜುಲೈನಲ್ಲಿ ಪ್ಲಾಂಕ್ ನಂತರದ ವಿಶ್ವವಿಜ್ಞಾನವೇ ಲೆ ಝೂಶ್‌ನ ವಿಷಯವಾಯಿತು. ನಮ್ಮಲ್ಲಿ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ, ಐಸಿಟಿಎಸ್, ಗುರುತ್ವ ಅಲೆಗಳ ಬಗ್ಗೆ ಇಂಥದೇ ಬೇಸಿಗೆ ಶಾಲೆಗಳನ್ನು ನಡೆಸುತ್ತದೆ.

ಸೆಸಿಲ್ ತೀರಿಕೊಂಡದ್ದು 2017ರಲ್ಲಿ. 1972ರ ವಾದದ ಒಂದು ತುದಿ ಮಾತ್ರ ಇನ್ನೂ ಬಿಚ್ಚಿಕೊಂಡೇ ಇದೆ. ಎಂಟ್ರೊಪಿ ಎಂದರೆ ಒಳಗಿನ ಸೂಕ್ಷ್ಮಸ್ಥಿತಿಗಳ ಎಣಿಕೆ. ಕಪ್ಪುಕುಳಿಯಲ್ಲಿ ಎಣಿಸಬೇಕಾದದ್ದು ಯಾವುದನ್ನು? 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ತಂತು ಸಿದ್ಧಾಂತದಿಂದ ಕೆಲವು ವಿಶೇಷ ಕಪ್ಪುಕುಳಿಗಳಿಗೆ ಸರಿಯಾದ ಉತ್ತರ ತೆಗೆದರು. ಲೂಪ್ ಕ್ವಾಂಟಂ ಗುರುತ್ವದವರ ದಾರಿ ಬೇರೆ. ಅವರ ಲೆಕ್ಕದಲ್ಲಿ ಒಂದು ಸ್ಥಿರಾಂಕವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಆಕಾಶದಲ್ಲಿ ನಾವು ಕಾಣುವ ಸಾಧಾರಣ ಕಪ್ಪುಕುಳಿಗೆ ಎಲ್ಲರೂ ಒಪ್ಪುವ ಎಣಿಕೆಯನ್ನು ಯಾರೂ ಕೊಟ್ಟಿಲ್ಲ.