ಅಮೆರಿಕದ ಆನ್‌ಲೈನ್ ನೋಟರಿ: ನಮ್ಮೂರಲ್ಲೇ ಕೂತು ಮಾಡಬಹುದಾ? ಎಷ್ಟು ದುಡ್ಡು ಸಿಗುತ್ತೆ?

‘ಮನೆಯಲ್ಲೇ ಕೂತು ಅಮೆರಿಕದ ಆನ್‌ಲೈನ್ ನೋಟರಿ ಆಗಿ, ಒಂದು ದಾಖಲೆಗೆ 25 ಡಾಲರ್ ಗಳಿಸಿ’ ಅಂತ ಯಾರಾದರೂ ತರಬೇತಿ ಶುಲ್ಕ ಕೇಳಿದರೆ, ಹಣ ಕಟ್ಟುವ ಮೊದಲು ಇದನ್ನೊಮ್ಮೆ ಓದಿ. 25 ಡಾಲರ್ ಅನ್ನೋದು ಸುಳ್ಳಲ್ಲ. ಆದರೆ ಇಲ್ಲಿ ಕೂತವರಿಗೆ ಅದು ಸಿಗೋದಿಲ್ಲ.

ಏನಿದು ಆನ್‌ಲೈನ್ ನೋಟರಿ?
ಸಹಿ ಹಾಕುವವರು ವಿಡಿಯೋ ಕಾಲ್‌ನಲ್ಲಿ ಬರುತ್ತಾರೆ. ನೋಟರಿ ಅವರ ಗುರುತು ಪರಿಶೀಲಿಸಿ ಡಿಜಿಟಲ್ ಮುದ್ರೆ ಹಾಕುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಮೊದಲು ಅವಕಾಶ ಕೊಟ್ಟ ರಾಜ್ಯ ವರ್ಜೀನಿಯಾ, 2012ರಲ್ಲಿ. ಫ್ಲೋರಿಡಾದಲ್ಲಿ 2020ರ ಜನವರಿ 1ರಿಂದ ಜಾರಿಯಲ್ಲಿದೆ.

ನಿಯಮ ಏನು?
ಫ್ಲೋರಿಡಾ ಉದಾಹರಣೆ ನೋಡಿ:
• ಮೊದಲು ಆ ರಾಜ್ಯದ ನೋಟರಿ ಆಗಿರಬೇಕು. ಅದಕ್ಕೆ ಅಲ್ಲಿನ ಕಾನೂನುಬದ್ಧ ನಿವಾಸಿ ಆಗಿರಬೇಕು, 18 ವರ್ಷ ತುಂಬಿರಬೇಕು.
• 2 ಗಂಟೆಯ ತರಬೇತಿ, 25,000 ಡಾಲರ್ ಬಾಂಡ್, ಅಷ್ಟೇ ಮೊತ್ತದ ವಿಮೆ ಕಡ್ಡಾಯ.
• ವಿಡಿಯೋ ರೆಕಾರ್ಡಿಂಗ್ 10 ವರ್ಷ ಕಾಯ್ದಿಡಬೇಕು.
• ಸಹಿ ಹಾಕುವವರು ಬೇರೆ ಕಡೆ ಇರಬಹುದು. ನೋಟರಿ ಮಾತ್ರ ಕೆಲಸದ ಹೊತ್ತಲ್ಲಿ ಫ್ಲೋರಿಡಾದಲ್ಲೇ ಇರಬೇಕು.

ಈ ಕೊನೆಯ ನಿಯಮವೇ ಮುಖ್ಯ. ಹೆಸರಲ್ಲಿ ‘ಆನ್‌ಲೈನ್’ ಇದ್ದರೂ ಇದು ಎಲ್ಲಿಂದ ಬೇಕಾದರೂ ಮಾಡೋ ಕೆಲಸ ಅಲ್ಲ.

ಗಳಿಕೆ ಎಷ್ಟು?
ಫ್ಲೋರಿಡಾದಲ್ಲಿ ಒಂದು ಆನ್‌ಲೈನ್ ನೋಟರಿಗೆ ಗರಿಷ್ಠ 25 ಡಾಲರ್ ಪಡೆಯಬಹುದು. ತಿಂಗಳಿಗೆ 40 ಸಿಕ್ಕರೆ 1,000 ಡಾಲರ್ ಆಯ್ತು. ಇದರಲ್ಲೇ ಬಾಂಡ್, ವಿಮೆ, ಡಿಜಿಟಲ್ ಸಹಿ, ಸಾಫ್ಟ್‌ವೇರ್ ಖರ್ಚು ಕಳೆಯಬೇಕು. ಗಿರಾಕಿ ಬಾರದಿದ್ದರೆ ಏನೂ ಇಲ್ಲ. ಕೆಲಸದ ಜೊತೆಗಿನ ಉಪ ಆದಾಯ ಅಂದ್ಕೊಂಡರೆ ಸರಿ.

ಅಮೆರಿಕದಲ್ಲಿರುವ ನಮ್ಮವರು?
ಗ್ರೀನ್ ಕಾರ್ಡ್ ಇದ್ದವರಿಗೆ ದಾರಿ ಇದೆ. ನೋಟರಿ ಆಗಲು ಪೌರತ್ವ ಕಡ್ಡಾಯ ಎನ್ನುವ ಟೆಕ್ಸಾಸ್ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲೇ ರದ್ದು ಮಾಡಿದೆ. ಎಚ್‌-1ಬಿ ವೀಸಾದವರು ಹುಷಾರು: ವೀಸಾ ಪಡೆದ ಕಂಪನಿ ಬಿಟ್ಟು ಬೇರೆ ಕಡೆ ದುಡಿದರೆ ವೀಸಾಗೇ ಕುತ್ತು.

ಇಲ್ಲಿ ನೋಟರಿ ಆಗಬೇಕಾ?
1952ರ ನೋಟರಿ ಕಾಯ್ದೆ, 1956ರ ನಿಯಮಗಳ ಪ್ರಕಾರ ವಕೀಲರಾಗಿ ಕನಿಷ್ಠ 10 ವರ್ಷ ಅನುಭವ ಬೇಕು. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 7 ವರ್ಷ ಸಾಕು. ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ವಾರದ ಕೋರ್ಸ್ ಮುಗಿಸಿ ನೋಟರಿ ಆಗೋ ದಾರಿ ಇಲ್ಲಿಲ್ಲ.