ಕಬ್ಬಿಣದ ಸದ್ದಿಗೆ ಕನ್ನಡದ ಕಿವಿ

ದಂಡಿನಶಿವರದ ಸುತ್ತ ತೋಟದ ಹಾದಿಯಲ್ಲಿ ನಡೆದರೆ ಎಲ್ಲಾದರೊಂದು ಕಡೆ ತೆಂಗಿನ ನಾರಿನ ಮಿಲ್ಲಿನ ಸದ್ದು ಕಿವಿಗೆ ಬೀಳುತ್ತದೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟಾರು ಗುರ್ ಎನ್ನುತ್ತದೆ, ಬೆಲ್ಟು ಪಟಪಟ ಬಡಿದುಕೊಳ್ಳುತ್ತದೆ, ಮಟ್ಟೆ ಒಳಕ್ಕೆ ಬಿದ್ದಾಗ ಇಡೀ ಯಂತ್ರ ಒಮ್ಮೆ ನರಳಿ ಮತ್ತೆ ತನ್ನ ಲಯ ಹಿಡಿಯುತ್ತದೆ. ಹೋದ ಬೇಸಿಗೆಯಲ್ಲಿ ಅಂಥದೊಂದು ಮಿಲ್ಲಿನ ಮುಂದೆ ಬೈಕ್ ನಿಲ್ಲಿಸಿದ ನನ್ನ ತಂಗಿಯ ಮಗ, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದ. ‘ಕೇಳಿ ಮಾವ, ಎರಡೂ ಒಂದೇ ಥರ ಇಲ್ವಾ?’ ಕೇಳಿದ್ದು ಗಾಡ್‌ಫ್ಲೆಶ್ ತಂಡದ 1989ರ ಆಲ್ಬಂ ‘ಸ್ಟ್ರೀಟ್‌ಕ್ಲೀನರ್’. ಡ್ರಮ್ ಬಾರಿಸಲು ಮನುಷ್ಯನಿಲ್ಲ, ಯಂತ್ರವೇ ಏಟು ಹಾಕುತ್ತಿದೆ. ಅದರ ಮೇಲೆ ಗರಗಸದಂಥ ಗಿಟಾರು. ಹುಡುಗ ಹೇಳಿದ್ದು ನಿಜವಿತ್ತು. ಇಂಡಸ್ಟ್ರಿಯಲ್ ಮೆಟಲ್ ಎನ್ನುವ ಈ ಪ್ರಕಾರದ ಬೆನ್ನು ಹತ್ತಿದ್ದು ಅವತ್ತಿನಿಂದ.

ಬೆನ್ನು ಹತ್ತಿ ಹೋದರೆ ದಾರಿ ತಲುಪುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ. ಗಾಡ್‌ಫ್ಲೆಶ್ ಊರೂ ಅದೇ, ಮೆಟಲ್ ಸಂಗೀತದ ತವರೂ ಅದೇ. ಅಲ್ಲಿನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹದಿನೇಳರ ಹುಡುಗ ಟೋನಿ ಅಯೋಮಿ, ಕೆಲಸ ಬಿಡಬೇಕಿದ್ದ ಕೊನೆಯ ದಿನವೇ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈಯೂ ಅದೇ ಆಗಿತ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೇ ಇಳಿಸಿ ತಂತಿಯ ಬಿಗಿ ಸಡಿಲಿಸಿದ. ಆ ಇಳಿದ ಶ್ರುತಿಯ ಭಾರವೇ ಮೆಟಲ್‌ನ ಭಾರವಾಯಿತು. ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರವರಿಯಲ್ಲಿ ಬಂತು.

ಆ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಮೈ ನಡುಗಿಸುವ ಒಂದು ಸ್ವರದ ಜಿಗಿತವಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜದಿಂದ ಪ್ರತಿಮಧ್ಯಮಕ್ಕೆ ಇರುವ ಅಂತರ ಅದು. ಪಶ್ಚಿಮದವರು ಅದನ್ನು ಸೈತಾನನ ಸ್ವರವೆಂದು ಕರೆದರು. ನಮ್ಮ 72 ಮೇಳಕರ್ತಗಳಲ್ಲಿ 36ರಲ್ಲಿ ಅದೇ ಪ್ರತಿಮಧ್ಯಮವಿದೆ, ಕಲ್ಯಾಣಿಯ ಜೀವವೇ ಅಲ್ಲಿದೆ. ಒಂದೇ ಅಂತರ ಅಲ್ಲಿ ಮಸಣದ ಗಂಟೆ, ಇಲ್ಲಿ ಮಂಗಳ. ಮೆಟಲ್ ನಮ್ಮ ಕಿವಿಗೆ ಒಗ್ಗದು ಎನ್ನುವವರಿಗೆ ನಾನು ಮೊದಲು ಹೇಳುವ ಮಾತು ಇದು.

ಕಾರ್ಖಾನೆಯ ಸದ್ದನ್ನೇ ಸಂಗೀತವೆನ್ನುವ ಯೋಚನೆ ಇನ್ನೂ ಹಳೆಯದು. ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲೇ ಸದ್ದಿನ ಕಲೆಯ ಬಗ್ಗೆ ಪ್ರಣಾಳಿಕೆ ಬರೆದಿದ್ದ. 1976ರಲ್ಲಿ ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಕಂಪನಿ ಕಟ್ಟಿತು, ಪ್ರಕಾರಕ್ಕೆ ಹೆಸರು ಸಿಕ್ಕಿತು. 1980ರಲ್ಲಿ ಶುರುವಾದ ಬರ್ಲಿನ್ನಿನ ಐನ್‌ಸ್ಟುರ್ಟ್‌ಜೆಂಡೆ ನೊಯ್‌ಬೌಟನ್ ತಂಡ ಡ್ರಿಲ್ಲು, ತಗಡುಗಳನ್ನೇ ವೇದಿಕೆಗೆ ತಂದಿತು. ಇತ್ತ ಮೆಟಲ್‌ನದೇ ಇನ್ನೊಂದು ಕವಲು, ಗಾಥಿಕ್, ಬೇರೆ ಕಡೆಯಿಂದ ಬಂತು: ಯಾರ್ಕ್‌ಶೈರಿನ ಪ್ಯಾರಡೈಸ್ ಲಾಸ್ಟ್ ತಂಡ 1991ರಲ್ಲಿ ‘ಗಾಥಿಕ್’ ಎಂಬ ಹೆಸರಿನ ಆಲ್ಬಮ್ಮನ್ನೇ ತಂದು, ಗಂಟಲು ಕೆರೆಯುವ ದನಿಯ ಪಕ್ಕ ಹೆಣ್ಣುದನಿಯನ್ನಿಟ್ಟು ಶೋಕಕ್ಕೆ ಗಾಂಭೀರ್ಯ ಕೊಟ್ಟಿತು. ಯಂತ್ರದ ಲಯ, ಶೋಕದ ರಾಗ ಎರಡನ್ನೂ ಒಟ್ಟಿಗೆ ಜನಸಾಮಾನ್ಯರವರೆಗೆ ಒಯ್ದವರಲ್ಲಿ 1994ರಲ್ಲಿ ಕೂಡಿಕೊಂಡ ಬರ್ಲಿನ್ನಿನ ರಾಮ್‌ಸ್ಟೈನ್ ಮುಖ್ಯರು. ಅವರು ಹಾಡಿದ್ದು ಜರ್ಮನ್ ಭಾಷೆಯಲ್ಲಿ. ಆ ಭಾಷೆಯ ಒಂದಕ್ಷರ ಬಾರದವರೂ ದೇಶದೇಶಗಳ ಮೈದಾನ ತುಂಬಿದರು. ಈ ಸಂಗತಿಗೆ ಮತ್ತೆ ಬರುತ್ತೇನೆ.

ನಮ್ಮ ರಾಜ್ಯದಲ್ಲಿ ಮೆಟಲ್ ಬೆಳೆದದ್ದು ಕಾರ್ಖಾನೆಯ ಕೂಲಿಗಳಿಂದಲ್ಲ, ಬೆಂಗಳೂರಿನ ಕಾಲೇಜುಗಳಿಂದ. ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ಟು, ಕಾಲೇಜು ಹಬ್ಬಗಳ ರಾಕ್ ಸ್ಪರ್ಧೆ, ರಾಷ್ಟ್ರೀಯ ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’, 1996ರಿಂದ ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯತೊಡಗಿದ ‘ಫ್ರೀಡಂ ಜ್ಯಾಮ್’, ಇವೇ ಅದರ ಗರಡಿಗಳು. ಮಿಲೇನಿಯಂ ತಂಡ ದಾರಿ ತೋರಿತು. 1990ರ ದಶಕದ ಆರಂಭದಲ್ಲಿ ಹುಟ್ಟಿದ ಡೈಯಿಂಗ್ ಎಂಬ್ರೇಸ್ ಸಾವಿನಂಥ ನಿಧಾನಗತಿಯ ಡೂಮ್ ಮೆಟಲ್ ನುಡಿಸಿತು. ಗಾಥಿಕ್ ಛಾಯೆಗೆ ಇಲ್ಲಿ ಬೇರು ಹುಡುಕುವವರು ಅಲ್ಲಿಂದಲೇ ಶುರು ಮಾಡಬೇಕು.

1998ರಲ್ಲಿ ಕ್ರಿಪ್ಟೋಸ್ ತಂಡ ಕೂಡಿಕೊಂಡಿತು. ಕ್ರಿಪ್ಟೋಸ್‌ನ ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ. 2010ರಲ್ಲಿ ಯೂರೋಪ್ ಪ್ರವಾಸ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವ, 2016ರ ‘ಬರ್ನ್ ಅಪ್ ದ ಸ್ಕೈ’ ಹೊತ್ತಿಗೆ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್‌ನ ಬೆಂಬಲ. 2024ರ ‘ಡೆಸಿಮೇಟರ್’ ಕೇಳಿ: ಎಂಬತ್ತರ ದಶಕದ ಹೆವಿ ಮೆಟಲ್ ಮೇಲಿನ ಪ್ರೀತಿ ಇಪ್ಪತ್ತೈದು ವರ್ಷಗಳಾದರೂ ಮಾಸಿಲ್ಲ, ಎರಡು ಗಿಟಾರುಗಳು ಜೋಡೆತ್ತಿನ ಹಾಗೆ ಹೆಜ್ಜೆ ಹಾಕುತ್ತವೆ. ಸಿನಿಮಾದ ಆಸರೆಯಿಲ್ಲದೆ ಇಷ್ಟು ಕಾಲ ನಿಂತದ್ದು ಸಣ್ಣ ಸಾಧನೆಯಲ್ಲ. ವಾಕನ್ ವೇದಿಕೆಗೆ 2011ರಲ್ಲೇ ಹೋಗಿ ಬಂದ ಎಕ್ಸೆಂಟ್ರಿಕ್ ಪೆಂಡ್ಯುಲಮ್ ಕೂಡ ಬೆಂಗಳೂರಿನ ತಂಡ.

ಅರಮನೆ ಮೈದಾನದ ಕತೆಯನ್ನೂ ಹೇಳಬೇಕು. 2007ರ ಮಾರ್ಚ್ 17ರಂದು ಅಲ್ಲಿ ಐರನ್ ಮೇಡನ್ ನುಡಿಸಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಮೆಟಾಲಿಕಾದ ದೆಹಲಿ ಕಡೆಯ ಕಾರ್ಯಕ್ರಮ ನಿಂತುಹೋಗಿದ್ದರಿಂದ ದೇಶದ ಮೂಲೆಮೂಲೆಯಿಂದ ಜನ ಬೆಂಗಳೂರಿಗೇ ಬಂದರು. ಮರುವರ್ಷ ‘ಬೆಂಗಳೂರು ಓಪನ್ ಏರ್’ ಉತ್ಸವ ಶುರುವಾಯಿತು. ಇವೆಲ್ಲಕ್ಕೂ ಮೊದಲು, 2005ರಲ್ಲಿ, ಅದೇ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ನಡೆಸಿ ಭಾವಗೀತೆಗೆ ಜನಸಾಗರ ಸೇರಿಸಿದ್ದರು. ಎರಡು ವರ್ಷಗಳ ಅಂತರದಲ್ಲಿ ಒಂದೇ ನೆಲದ ಮೇಲೆ ಎರಡು ಜನಸಾಗರಗಳು ನಿಂತವು. ಒಂದಕ್ಕೊಂದು ಪರಿಚಯವಾಗಲಿಲ್ಲ. ನನಗೆ ಇವತ್ತಿಗೂ ಕಾಡುವ ನೋವು ಅದು.

ಪರಿಚಯದ ಸಣ್ಣ ಎಳೆಗಳು ಇಲ್ಲವೆಂದಲ್ಲ. ‘ಬೆವರ್ ಸೀ’ ಎಂಬ ಡೂಮ್ ತಂಡ ನಮ್ಮ ‘ಬೇವರ್ಸಿ’ ಬೈಗುಳವನ್ನೇ ಇಂಗ್ಲಿಷ್ ವೇಷ ಹಾಕಿ ಹೆಸರಾಗಿಸಿಕೊಂಡಿದೆ. ಕ್ರಿಪ್ಟೋಸ್ ಕಟ್ಟಿದವರಲ್ಲಿ ಒಬ್ಬರಾದ ಗಣೇಶ್ ಕೃಷ್ಣಸ್ವಾಮಿ ಅದರ ಗಾಯಕರು, ಮೊದಲ ಆಲ್ಬಂ 2012ರದ್ದು. ‘ಜಿನ್ ಅಂಡ್ ಮಿಸ್ಕಟಾನಿಕ್’ ತಂಡ ತನ್ನ ಹೆಸರಿನ ಅರ್ಧವನ್ನು ಅರಬ್ಬರ ಭೂತದಿಂದ, ಇನ್ನರ್ಧವನ್ನು ಅಮೆರಿಕದ ಭಯಾನಕ ಕತೆಗಾರ ಲವ್‌ಕ್ರಾಫ್ಟ್‌ನಿಂದ ಪಡೆದಿದೆ. ಆದರೆ ಈ ತಂಡಗಳ ಹಾಡು ಇಂಗ್ಲಿಷ್. ಅತ್ತ ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿನ ಜೊತೆ ನಿಲ್ಲಿಸಿದರು, ಮೈಸೂರಿನ ಬೇರಿರುವ ಸ್ವರಾತ್ಮ ಜನಪದಕ್ಕೆ ರಾಕ್ ಬೆರೆಸಿತು. ದೆಹಲಿಯ ಬ್ಲಡಿವುಡ್ ಹಿಂದಿ, ಪಂಜಾಬಿಯಲ್ಲಿ ಹಾಡುತ್ತ, ಢೋಲು ಬಾರಿಸುತ್ತ 2022ರ ‘ರಕ್ಷಕ್’, 2025ರ ‘ನು ಡೆಲ್ಲಿ’ ಆಲ್ಬಮ್ಮುಗಳಿಂದ ಲೋಕ ಸುತ್ತುತ್ತಿದೆ. ರಾಮ್‌ಸ್ಟೈನ್ ಜರ್ಮನ್‌ನಲ್ಲಿ ಮಾಡಿದ್ದನ್ನು, ಬ್ಲಡಿವುಡ್ ಹಿಂದಿಯಲ್ಲಿ ಮಾಡಿದ್ದನ್ನು ಕನ್ನಡದಲ್ಲಿ ಮಾಡಲು ಯಾವ ಅಡ್ಡಿಯೂ ಇಲ್ಲ. ಒತ್ತಕ್ಷರಗಳಿಂದಲೇ ಏಟು ಹಾಕಬಲ್ಲ ಭಾಷೆ ನಮ್ಮದು.

ಸಾಮಗ್ರಿಯೂ ಇಲ್ಲೇ ಬಿದ್ದಿದೆ. ಊರಮ್ಮನ ಜಾತ್ರೆಯಲ್ಲಿ ದೊಡ್ಡ ಕಣ್ಣಿನ ಮರದ ಮುಖ ಹೊತ್ತ ಸೋಮನ ಕುಣಿತದ ಸೋಮ ಕತ್ತಲಲ್ಲಿ ಎದುರಾದಾಗ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಾರೆ, ಅರೆ ವಾದ್ಯ ಬಡಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಅದಕ್ಕಿಂತ ಗಾಥಿಕ್ ಬೇರೆ ಯಾವುದಿದೆ? ಇನ್ನು ನಮ್ಮವರ ಕಿವಿಯ ಸೂಕ್ಷ್ಮ ನೋಡಬೇಕಾದರೆ ಅಟ್ಟ ಹತ್ತಬೇಕು. ವರ್ಷದ ಹತ್ತಿರ ಒಣಗಿದ ತೆಂಗಿನಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ನೀರಿದೆ, ಇನ್ನೂ ಬೇಡ. ಲೊಡಲೊಡ ಎಂದರೆ ಗಿಟಕು ಚಿಪ್ಪು ಬಿಟ್ಟಿದೆ, ಕೊಬ್ಬರಿಯಾಗಿದೆ, ತಿಪಟೂರಿನ ಮಾರುಕಟ್ಟೆಗೆ ಸಿದ್ಧ. ಸದ್ದಿನಿಂದಲೇ ಒಳಗನ್ನು ಅರಿಯುವ ವಿದ್ಯೆ ಇದು.

ಮೊನ್ನೆ ಶನಿವಾರ ಹುಡುಗ ಮತ್ತೆ ಊರಿಗೆ ಬಂದಿದ್ದ. ಮಿಲ್ಲಿನವರ ಒಪ್ಪಿಗೆ ಕೇಳಿ, ಮಟ್ಟೆಯ ರಾಶಿಯ ಮೇಲೆ ಫೋನಿಟ್ಟು ರೆಕಾರ್ಡ್ ಮಾಡತೊಡಗಿದ. ನಾನು ಕಲ್ಲಿನ ಮೇಲೆ ಕೂತು ತೊಡೆಯ ಮೇಲೆ ಅರೆಯ ಗತ್ತು ಹಾಕಿದೆ. ಸುಮಾರು ನಾಲ್ಕು ನಿಮಿಷ ಆಗಿತ್ತು, ತ್ರೀ ಫೇಸ್ ಹೋಯಿತು. ಬೆಲ್ಟು ನಿಧಾನವಾಗಿ, ಒಂದೊಂದೇ ಏಟು ಹಾಕುತ್ತ ನಿಂತಿತು. ‘ಇದೇ ಕೊನೆ ಇರ್ಲಿ ಮಾವ, ಕಟ್ ಮಾಡಲ್ಲ’ ಅಂದ.